ಕೇಕಿಗೆ ಕೀಲಿ ಹಾಕಿದ ಮಾಮಾ

ನಮ್ಮ ಮನಿಯವರ ಸೋದರಮಾವನಂಥ ಜಿಪುಣರು ಈ ಭೂಮಿ ಮ್ಯಾಲೆ ಇಲ್ಲ ಅಂತ ನಾ ಎಂದೂ ಅಂದಿಲ್ಲರಿ. ಅವರು ಜಿಪುಣರ ಅಲ್ಲ! ಹತ್ತು ಮಂದಿ ಬರ್ತಾರಂದ್ರ ಐವತ್ತು ಮಂದಿಗೆ ಸಾಲೂವಷ್ಟು ಲಾಡು ಕಟ್ಟಸ್ತಾರ. ಆದ್ರ ಆ ರಾಶಿಯೊಳಗಿಂದ ಒಂದ ಒಂದು ಲಾಡು ನಿಮ್ಮ ಕೈಗೆ ಬರಬೇಕಂದ್ರ, ನೀವು ಯಾರು, ಯಾರ ಕಡಿಯವರು, ಊಟಕ್ಕ ಯಾವ ಪಂಗತಿಗೆ ಕುಂಡ್ರವರು ಅನ್ನೂದನ್ನ ಬಾಗಲದಾಗ ನಿಂತು ಹೇಳಬೇಕು. ಪಾಸ್‌ಪೋರ್ಟ್ ಮಾಡ್ಸೂದು ಇದಕ್ಕಿಂತ ಹಗುರ ಇರಬಹುದು.

ಲಗ್ನದ ಮನ್ಯಾಗ ಅಡಗಿ ಸಾಮಾನು ಇಡೂ ಖೋಲಿ ಇರ್ತೈತಲ್ಲ, ಉಗ್ರಾಣ? ಅದರ ಬಾಗಲಕ್ಕ ಕುರ್ಚಿ ಹಾಕ್ಕೊಂಡು ಕುಂಡ್ರೂದು ನಮ್ಮ ಮಾಮಾ ಅವರ ಕೆಲಸ. ಹೊಟ್ಟಿಪಾಡಿಗೆ ಅಲ್ಲ ಮತ್ತ, ಹೌಸಿಗೆ. ಲಕ್ಷ್ಮೇಶ್ವರದಿಂದ ಮುಂಡರಗಿ ಮಟ ನಮ್ಮ ಬಳಗದಾಗ ಯಾರ ಲಗ್ನ ಆದ್ರೂ ಮೊದಲ ಇವರ ಕೈಯಾಗ ಎಲಿ-ಅಡಿಕಿ ಕೊಟ್ಟು ಕರೀತಿದ್ರು. ಹಿತ್ತಾಳಿ ಕೀಲಿ ಉಗ್ರಾಣದ ಬಾಗಲಕ್ಕ, ಕೀಲಿಕೈ ಮಾಮಾನ ಉಡದಾರಕ್ಕ. ನನ್ನ ಲಗ್ನದಾಗ, ಸ್ವತಃ ಮದುಮಗಳು ನಾನು, ಹಸಿವಿ ತಡೀಲಾರದ ಒಂದು ಲಾಡು ಕೇಳಿ ಕಳಿಸಿದ್ರ, "ಮದುಮಗಳು ಯಾವ ಪಂಗತಿಗೆ ಕುಂಡ್ರಾಕಿ?" ಅಂತ ಕೇಳಿ ಕಳಿಸಿದ್ರು ಪುಣ್ಯಾತ್ಮರು!

ಈಗ ಆ ದರ್ಬಾರ ಮುಗೀತ್ರಿ. ಎಲ್ಲಾ ಕಡೆ ಕ್ಯಾಟರಿಂಗ್‌ನವರು. ಗಾಡಿ ತುಂಬ ಅಡಗಿ ತರ್ತಾರ, ತಲಿಗೆ ಟೊಪಗಿ ಹಾಕ್ಕೊಂಡು ಬಡಸ್ತಾರ, ಗಾಡಿ ತುಂಬ ಭಾಂಡೆ ಒಯ್ತಾರ. ಉಗ್ರಾಣನ ಇಲ್ಲಂದ ಮ್ಯಾಲೆ ಕೀಲಿ ಎಲ್ಲಿಂದ ಬರಬೇಕು? ಡೋಣಿ ಊರಾಗ ತಂಗಿ ಮೊಮ್ಮಗನ ಲಗ್ನದಾಗ ಮಾಮಾ ಬಿಳೇ ಧೋತರ ಉಟ್ಕೊಂಡು ಮುಂಜಾನಿಂದ ಸಂಜಿ ಮಟ ಬರೇ ಕುಂತಿದ್ರು. ಟೊಪಗಿ ಹುಡುಗ ಒಬ್ಬ ಬಂದು, "ಅಜ್ಜಾರ, ಊಟಕ್ಕ ಬರ್ರಿ" ಅಂದ್ರ, "ನಾ ಊಟಕ್ಕ ಬಂದಿಲ್ಲೋ ತಮ್ಮಾ" ಅಂದ್ರಂತ. ಆವತ್ತಿನಿಂದ ಯಾವ ಲಗ್ನಕ್ಕೂ ಹೋಗವಲ್ರು. ಉಗ್ರಾಣಕ್ಕ ಅಂತ ಅವರನ್ನ ಯಾರೂ ಕರದೂ ಇಲ್ಲ. ಕೀಲಿ ಲಕ್ಷ್ಮೇಶ್ವರದ ಮನ್ಯಾಗ ಸಂದೂಕದಾಗ ಬಿದ್ದಿತ್ತು, ಕೀಲಿಕೈ ಮಾತ್ರ ಇನ್ನೂ ಉಡದಾರದಾಗ ಇತ್ತು.

ಇಂಥಾದ್ರಾಗ ನಮ್ಮ ಮಗಳು ಸಾನ್ವಿಯ ಹುಟ್ಟಿದ ಹಬ್ಬ ಬಂತು. "ಮಮ್ಮೀ, ಈ ಸಲ ಸ್ಲೀಪ್‌ಓವರ್. ನನ್ನ ಐದು ಮಂದಿ ಫ್ರೆಂಡ್ಸು ರಾತ್ರಿ ಇಲ್ಲೇ ಮಲಗ್ತಾರ."

ನಾ ಶಾಲ್ಯಾಗ ಅಕ್ಕೋರಿದ್ದೀನ್ರಿ. ವಾರ ಪೂರಾ ಮಂದಿ ಮಕ್ಕಳ ಕೂಡ ಒದರಿ ಒದರಿ ಶನಿವಾರ ಬಂತಂದ್ರ ನನಗ ಬೇಕಾದದ್ದು ಒಂದು ಹಾಸಿಗಿ, ಒಂದು ಕಪ್ ಚಾ. ಅಂಥಾದ್ರಾಗ ಮತ್ತ ಐದು ಮಕ್ಕಳು, ಅದೂ ರಾತ್ರಿ ಪೂರಾ! ಆದ್ರೂ ಆತು ಅಂದೆ. ನನ್ನ ಪ್ಲಾನು ಸೀದಾ ಇತ್ತು: ಸಂಜಿಗೆ ಕೇಕು, ರಾತ್ರಿ ಪಿಜ್ಜಾ ತರ್ಸೂದು, ಮುಂಜಾನಿ ಬ್ರೆಡ್ಡು-ಜಾಮು. ನಾ ಗ್ಯಾಸ್ ಸೈತ ಹಚ್ಚೂದಿಲ್ಲ ಅಂತ ಆಣಿ ಮಾಡಿದ್ದೆ.

ನಮ್ಮ ಮನಿಯವರ ಬಾಯಿ ಸುಮ್ಮ ಕುಂಡ್ರಬೇಕಲ್ಲ! ಫೋನಿನ್ಯಾಗ ಮಾಮಾಗ ಹೇಳಿಬಿಟ್ರು, "ಮನ್ಯಾಗ ಐದು ಹುಡುಗ್ಯಾರು ವಸ್ತಿ ಬರ್ತಾರ ಮಾಮಾ."

ವಸ್ತಿ ಮಂದಿ! ಅಂದ್ರ ರಾತ್ರಿ ಇರೂ ಬೀಗರು! ಶುಕ್ರವಾರ ಶಾಲಿಗೆ ಸೂಟಿ ಇತ್ತು. ಮುಂಜಾನಿ ಲಕ್ಷ್ಮೇಶ್ವರದ ಮೊದಲನೇ ಬಸ್ಸಿಗೆ ಮಾಮಾ ಬೆಟಗೇರಿಗೆ ಬಂದಿಳದ್ರು. ಹೆಗಲಮ್ಯಾಲೆ ಚೀಲ, ಚೀಲದಾಗ ಹಿತ್ತಾಳಿ ಕೀಲಿ.

"ಮಂದಿ ಎಷ್ಟವ್ವಾ?" ಅಂತ ಹೊಸ್ತಿಲದಾಗ ನಿಂತ ಕೇಳಿದ್ರು.

"ಐದ ಮಂದಿ ಮಾಮಾ, ಸಣ್ಣ ಹುಡುಗ್ಯಾರು."

"ಐದಂದ್ರ ಇಪ್ಪತ್ತೈದಕ್ಕ ಹಿಡೀಬೇಕವ್ವಾ. ಬಿಡಾಕ ಬಂದ ತಾಯಿ ಬಾಗಲದಾಗಿಂದ ಹಂಗ ಹೋಗ್ತಾಳೇನು? ಆಕಿ ಬಗಲಾಗ ತಮ್ಮ ಇರ್ತಾನ. ಮರುದಿನ ಕರಕೊಂಡು ಹೋಗಾಕ ಅಜ್ಜ ಬರ್ತಾನ."

ನನ್ನ ತಲಿ ಅಲ್ಲೇ ಸಿಡ್ಯಾಕ ಹತ್ತಿತು.

ಎಲಿ-ಅಡಿಕಿ ಕೊಡಲಾರದ ಅವರು ಉಸ್ತುವಾರಿ ವಹಿಸ್ಕೊಳ್ಳಂಗಿಲ್ಲ. ನಮ್ಮ ಮನಿಯವರು ಮೂಲಿ ಅಂಗಡಿಗೆ ಓಡಿ ಒಂದು ಸುಪಾರಿ ಪಾಕೀಟು ತಂದು ಕೈಯಾಗ ಇಟ್ರು. "ಇದೇನಲೇ, ನನ್ನ ಕರಿಯಾಕ ಹತ್ತೀಯೋ, ಬಸ್ಸಿಗೆ ಹತ್ತಸಾಕ ಹತ್ತೀಯೋ?" ಅಂದ್ರು ಮಾಮಾ. ಮತ್ತ ಓಡಿ ಎಲಿ ತಂದದ್ದಾತು, ಬಟ್ಟಲಡಿಕಿ ತಂದದ್ದಾತು. "ಯಾರ ಕಾರ್ಯ ಐತಿ ಅವರ ಕೊಡಬೇಕು" ಅಂತ ಹಟ. ಸಾನ್ವಿ ಒಂದು ಕಣ್ಣು ಟಿವಿ ಮ್ಯಾಲೆ ಇಟ್ಟು, "ತಗೋ ಅಜ್ಜಾ" ಅಂತ ಕೊಟ್ಲು. ಬಲೂನ್ ಊದಾಕ ಬಂದಿದ್ದ ಬಾಜೂ ಮನಿ ಖುಷಿ, ಐವರು ಗೆಳತ್ಯಾರೊಳಗ ಎಲ್ಲಾರಕಿಂತ ಗಿಡ್ಡಾಕಿ, ಮಾತು ಕಮ್ಮಿ, ಊದೂದು ಬಿಟ್ಟು ಕಣ್ಣು ಅಗಲಿಸಿ ಇದನ್ನೆಲ್ಲಾ ನೋಡಾಕ ಹತ್ತಿದ್ಲು.

ನಮ್ಮ ಮಲಗೂ ಖೋಲಿ ಉಗ್ರಾಣ ಆತು. ನಮ್ಮ ಮನಿಯವರ ಅಂಗಿ-ಪ್ಯಾಂಟು ಒಳಗ, ಅವರು ಹೊರಗ. ನಿನ್ನಿ ಅಂಗಿ ಮ್ಯಾಲೆ ಆಫೀಸಿಗೆ ಹೋದ್ರು. ಕರದವರು ಅವರ ಅಲ್ಲೇನು? ಅನುಭೋಗಸ್ಲಿ! ನಾ ಚಾಪುಡಿ ಕೇಳಾಕ ಹೋದೆ.

"ಎಷ್ಟು ಮಂದಿಗೆ?"

"ನನಗ ಒಬ್ಬಾಕಿಗೆ ಮಾಮಾ, ತಲಿ ನೋಯಾಕ ಹತ್ತೈತಿ."

ಒಂದು ಚಿಟಿಕಿ ಕೊಟ್ರು. ಆ ನೀರಿಗೆ ಚಾದ ಬಣ್ಣ ಬಂತು, ರುಚಿ ಬರಲಿಲ್ಲ.

ಪಿಜ್ಜಾದ ಮ್ಯಾಲೆ ದೊಡ್ಡ ವಾದ ನಡೀತು. "ಅದು ರೊಟ್ಟಿನೋ, ಭಾಜಿನೋ?" ಅಂತ ಕೇಳಿದ್ರು. "ಎರಡೂ ಕೂಡೇ ಇರ್ತಾವ ಅಜ್ಜಾ, ಅಂಟಿಸಿರ್ತಾರ" ಅಂದ್ಲು ಸಾನ್ವಿ. ಮಾಮಾ, "ಅಂಟಿಸಿಬಿಟ್ರ ಇನ್ನೊಂದು ಸ್ವಲ್ಪ ಭಾಜಿ ಹಾಕ್ರಿ ಅಂತ ಕೇಳೂದು ಹೆಂಗವಾ?" ಅಂದ್ರು. ಅಲ್ಲಿಗೆ ವಾದ ಮುಗೀತು. ಪಿಜ್ಜಾ ಬಿತ್ತು. ಗಿರಮಿಟ್ಟು, ಮಿರ್ಚಿ ಭಜಿ, ಬೂಂದಿ ಲಾಡು, ಶೇಂಗಾ ಹೋಳಿಗಿ ಎದ್ದು ನಿಂತ್ವು. ಗ್ಯಾಸ್ ಹಚ್ಚೂದಿಲ್ಲ ಅಂದಾಕಿ ನಾನು, ಎರಡು ದಿನ ಗ್ಯಾಸಿನ ಮುಂದ ನಿಂತೆ. ಕೇಕೊಂದು ಉಳೀತು, ಅದನ್ನೂ ಒಯ್ದು ಉಗ್ರಾಣದಾಗ ಇಟ್ಟು ಕೀಲಿ ಜಡದ್ರು.

ಶನಿವಾರ ಸಂಜಿಗೆ ಹುಡುಗ್ಯಾರು ಬಂದ್ರು. ಬಿಡಾಕ ತಾಯಂದಿರು ಬಂದ್ರು, ಅವರ ಕೈ ಹಿಡಕೊಂಡು ತಮ್ಮಂದಿರು ಬಂದ್ರು. ಮಾಮಾ ಬಾಗಲದಾಗ ನಿಂತು, "ಬರ್ರಿ, ಕುಂಡ್ರಿ, ಗಿರಮಿಟ್ಟು ತಿನ್ನಲಾರದ ಯಾರೂ ಹೋಗಂಗಿಲ್ಲ" ಅಂತ ಎಲ್ಲಾರನ್ನೂ ಒಳಗ ಹಾಕ್ಕೊಂಡ್ರು. ಸಾನ್ವಿ ನನ್ನ ಸೆರಗು ಜಗ್ಗಿ, "ಮಮ್ಮೀ, ಆಂಟಿಯವರೆಲ್ಲಾ ನಮ್ಮನ್ಯಾಗ ಸ್ಲೀಪ್‌ಓವರ್ ಮಾಡ್ತಾರೇನು?" ಅಂತ ಅಳೂ ಮುಖ ಮಾಡಿದ್ಲು. ನನಗೇನು ಗೊತ್ತು? ನಾ ಭಜಿ ಕರಿಯಾಕ ಹತ್ತಿದ್ದೆ.

ಕೇಕ್ ಕೊಯ್ಯೂ ಹೊತ್ತಾತು. ಹುಡುಗ್ಯಾರು ಕಾಗದದ ಟೊಪಗಿ ಹಾಕ್ಕೊಂಡು ಟೇಬಲ್ ಸುತ್ತ ನಿಂತ್ರು. ಟೇಬಲ್ ಮ್ಯಾಲೆ ಕೇಕಿಲ್ಲ. ಕೇಕು ಉಗ್ರಾಣದಾಗ. ಮೋಂಬತ್ತಿ, ಚಾಕು ಅವೂ ಉಗ್ರಾಣದಾಗ. ಕೀಲಿಕೈ ಮಾಮಾನ ಉಡದಾರದಾಗ. ಮಾಮಾ? ಮಾಮಾ ಎಲ್ಲಿ? ಮನಿ ತುಂಬ ಹುಡುಕಿದ್ರೂ ಮಾಮಾ ಇಲ್ಲ! ನಮ್ಮ ಮನಿಯವರು ಗಾಡಿ ತಗೊಂಡು ಹುಡುಕಾಕ ಹೋದ್ರು. ಕಾದು ಕಾದು ಬ್ಯಾಸರಾಗಿ ಹುಡುಗ್ಯಾರು ಉಗ್ರಾಣದ ಬಾಗಲ ಮುಂದ ನಿಂತು ಹ್ಯಾಪಿ ಬರ್ತ್‌ಡೇ ಹಾಡು ಹೇಳಿದ್ರು. ನಮ್ಮ ಮನಿ ಕೀಲಿಗೆ ಹುಟ್ಟಿದ ಹಬ್ಬದ ಶುಭಾಶಯ ಸಿಕ್ತು. ತಾಯಂದಿರು ಬಾಯಿಗೆ ಸೆರಗು ಹಿಡಕೊಂಡು ನಕ್ರು.

ಸಾನ್ವಿ ತಡಕೊಳ್ಳಲಿಲ್ಲ. ಟೊಪಗಿ ಕಿತ್ತೊಗದು ಒದರಿದ್ಲು, "ನನಗ ಈ ಅಜ್ಜ ಬ್ಯಾಡ! ಇವರನ್ನ ಯಾರು ಕರದಿದ್ರು?"

ಅದೇ ಹೊತ್ತಿಗೆ ಮಾಮಾ ಬಾಗಲದಾಗ ಬಂದು ನಿಂತಿದ್ರು. ಹೆಗಲ ಮ್ಯಾಲೆ ಬಾಳಿ ಎಲಿ ಹೊರಿ. ಕಾಗದದ ಪ್ಲೇಟಿನ್ಯಾಗ ವಸ್ತಿ ಮಂದಿಗೆ ಬಡಸೂದು ಹೆಂಗ ಅಂತ ಗದಗ ಬಾಜಾರಕ್ಕ ನಡಕೊಂಡು ಹೋಗಿದ್ರಂತ.

ಮಾಮಾ ಎಲಿ ಇಳಿಸಿದ್ರು, ಕೀಲಿ ತಗದ್ರು, ಕೇಕು ತಂದು ಟೇಬಲ್ ಮ್ಯಾಲೆ ಇಟ್ರು. ಆಮ್ಯಾಲೆ ಉಡದಾರದಿಂದ ಕೀಲಿಕೈ ಬಿಚ್ಚಿ ಕೇಕಿನ ಬಾಜೂಕ ಇಟ್ಟು, "ತಪ್ಪಾತು ತಂಗೀ" ಅಂದ್ರು. ತಮ್ಮ ಚೀಲ ತಗೊಂಡು ಹೊರಗ ಕಟ್ಟಿ ಮ್ಯಾಲೆ ಹೋಗಿ ಕುಂತ್ರು. ಆಗ ನನಗ ಕಣ್ಣೀರು ಬಂತು ಅಂತ ಬರದ್ರ ಸುಳ್ಳಾಕ್ಕೈತ್ರಿ. ಇನ್ನರ ನನ್ನ ಮನ್ಯಾಗ ನನಗ ಚಾಪುಡಿ ಸಿಗತೈತಲ್ಲಾ ಅನ್ನಿಸ್ತು.

ಉಗ್ರಾಣ ತೆರದ ಮ್ಯಾಲೆ ಏನು ನಡೀತು ಕೇಳಬ್ಯಾಡ್ರಿ. ಜೋರಿದ್ದವರು ಎರಡೂ ಕೈಯಾಗ ಹಿಡಕೊಂಡ್ರು, ತಮ್ಮಂದಿರು ಕಿಸೇ ತುಂಬಿಸ್ಕೊಂಡ್ರು. ತಾಯಂದಿರು ಅವರನ್ನ ಎಳಕೊಂಡು ಮನಿಗೆ ಹೋಗೂದರಾಗ ಲಾಡಿನ ಡಬ್ಬಿ ಖಾಲಿ. ಖುಷಿ ಒಬ್ಬಾಕಿ ಖಾಲಿ ಎಲಿ ಮುಂದ ಕುಂತಿದ್ಲು. ಆಕಿ ಕೇಳೂ ಪೈಕಿ ಅಲ್ಲ. ಸುಮ್ಮನ ಎದ್ದು ಕಟ್ಟಿಗೆ ಹೋಗಿ ನಿಂತ್ಲು. ನಾ ಬಾಗಲದಾಗ ನಿಂತು ನೋಡಾಕ ಹತ್ತಿದ್ದೆ.

"ಅಜ್ಜಾರ, ಲಾಡು ಮುಗದಾವ್ರಿ."

"ಹೆಂಗ ಮುಗೀತಾವ? ನೀ ಯಾವ ಪಂಗತಿ?"

"ಕಡೀ ಪಂಗತಿರಿ."

ಮಾಮಾ ಚೀಲದಾಗಿಂದ ಒಂದು ಸಣ್ಣ ಡಬ್ಬಿ ತಗದ್ರು. "ಕಡೀ ಪಂಗತಿದು ನಾ ಮೊದಲ ತಗದಿಟ್ಟಿರ್ತೀನಿ. ಬಡಸವರು, ಭಾಂಡೆ ತಿಕ್ಕವರು, ನಿನ್ನಂಥ ಬಾಯಿಲ್ಲದವರು, ಎಲ್ಲಾರೂ ಕಡೀಕ ಕುಂಡ್ರತಾರ. ಅವರ ಎಲಿಗೆ ಇಲ್ಲ ಅನ್ನಬಾರದವ್ವಾ. ಅದಕ್ಕಂತ ಈ ಕೀಲಿ."

ಇಷ್ಟು ವರ್ಷ ಈ ಮನಶಾನ್ನ ನೋಡೀನಿ, ನಕ್ಕೀನಿ, ಬೈದೀನಿ. ಯಾವ ಪಂಗತಿ ಅಂತ ಯಾಕ ಕೇಳ್ತಾರ ಅನ್ನೂದು ನನಗ ಎಂದೂ ತಿಳಿದಿರಲಿಲ್ಲ. ನನ್ನ ಹಿಂದ ಸಾನ್ವಿ ನಿಂತಿದ್ಲು. ಆಕಿ ಕೀಲಿಕೈ ತಂದು ಅಜ್ಜನ ಕೈಯಾಗ ಇಟ್ಟು, "ಮುಂಜಾನಿ ಇವರಿಗೆಲ್ಲಾ ಬುತ್ತಿ ಯಾರು ಕಟ್ಟವರು ಅಜ್ಜಾ? ಮಮ್ಮಿಗಂತೂ ಬರಂಗಿಲ್ಲ" ಅಂದ್ಲು.

ಬುತ್ತಿ ಅಂದ ಕೂಡಲೇ ಮಾಮಾ ನೆಟ್ಟಗ ಕುಂತ್ರು.

ಆ ರಾತ್ರಿ ಯಾವ ಹುಡುಗೀನೂ ಅತ್ತು ಮನಿಗೆ ಹೋಗಲಿಲ್ಲ. ಐತವಾರ ಮುಂಜಾನಿ ಚುರುಮುರಿ ಸೂಸಲ ತಿಂದು, ಶೇಂಗಾ ಹೋಳಿಗಿ ಬುತ್ತಿ ಕೈಯಾಗ ಹಿಡಕೊಂಡು ಹೊಂಟ್ರು. ಕರಕೊಂಡು ಹೋಗಾಕ ಖರೇನ ಒಬ್ಬ ಅಜ್ಜ ಬಂದಿದ್ರು, ನಾಷ್ಟಾ ಮಾಡೇ ಹೋದ್ರು. ಮಾಮಾ ಬಸ್ಸಿಗೆ ಹೋಗಾಕ ಚಪ್ಪಲಿ ಮೆಟ್ಟಿದ್ರು. ನನಗ ನಿಲ್ಲಾಕ ತ್ರಾಣ ಇರಲಿಲ್ಲ, ಬಾಗಲದ ಚೌಕಟ್ಟಿಗೆ ಆತಕೊಂಡು ನಿಂತಿದ್ದೆ.

ಖುಷಿ ತಮ್ಮ ಮನಿಗೆ ಓಡಿ ಹೋದಾಕಿ ತಿರುಗಿ ಬಂದ್ಲು. ಕೈಯಾಗ ಸ್ಟೀಲ್ ತಾಟು. ತಾಟಿನ್ಯಾಗ ಎರಡು ಎಲಿ, ಒಂದು ಅಡಿಕಿ.

"ಅಜ್ಜಾರ, ಬರೂ ತಿಂಗಳ ನನ್ನ ಹುಟ್ಟಿದ ಹಬ್ಬ ಐತ್ರಿ. ಉಗ್ರಾಣಕ್ಕ ನೀವ ಬರಬೇಕ್ರಿ."

ಮಾಮಾ ಆ ತಾಟನ್ನ ನೋಡಿದ್ರು. ಕಾಲಾಗಿನ ಚಪ್ಪಲಿ ಬಿಟ್ರು. ಎರಡೂ ಕೈಲೆ ಎಲಿ-ಅಡಿಕಿ ತಗೊಂಡು ಕಣ್ಣಿಗೆ ಒತ್ತಿಕೊಂಡ್ರು. ಒಯ್ದ ಕೈ ಕಣ್ಣಿನಿಂದ ಕೆಳಗ ಇಳೀಲಿಲ್ಲ.

"ಮಂದಿ... ಎಷ್ಟವ್ವಾ?" ಅಂದ್ರು ಹಂಗ ನಿಂತ.

"ಐದ ಮಂದಿರಿ."

ಮಾಮಾ ಕಣ್ಣಿಗಿಟ್ಟ ಕೈ ತಗೀಲಾರದ, ಅಲ್ಲ ಅಂತ ತಲಿ ಅಲ್ಲಾಡಿಸಿದ್ರು. ಖುಷಿ ನನ್ನ ಮುಖ ನೋಡಿದ್ಲು. ಕಡೀಕ ನಾನ ಹೇಳಿದೆ, "ಐದಂದ್ರ ಇಪ್ಪತ್ತೈದಕ್ಕ ಹಿಡೀಬೇಕಂತವ್ವಾ. ನಿಮ್ಮ ಅವ್ವಗ ಹೇಳು."