ಎರಡು ಸ್ಟುಡಿಯೊಗಳ ನಡುವೆ ಒಬ್ಬ ಕಾರ್ಟೂನ್ ಡೈರೆಕ್ಟರ್

ಕಾರ್ಟೂನ್ ಮಾಡುವವನ ಬದುಕೂ ಕಾರ್ಟೂನಿನ ಹಾಗೇ ಇರಬೇಕೆಂದು ಯಾರು ಕಾನೂನು ಮಾಡಿದರೋ ಗೊತ್ತಿಲ್ಲ ಮಾರಾಯ್ರೆ, ಮಸ್ಕತ್ತಿಗೆ ಬಂದಾಗಿನಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಉಂಟು. ಥಿಯೇಟರಿನಲ್ಲಿ ದೊಡ್ಡ ಸಿನಿಮಾ ಶುರುವಾಗುವ ಮೊದಲು ತೋರಿಸುವ ಪುಟ್ಟ ಕಾರ್ಟೂನುಗಳನ್ನು ನಿರ್ದೇಶಿಸುವುದು ನನ್ನ ಕೆಲಸ. ಉಡುಪಿಯಲ್ಲಿರುವ ನನ್ನ ಅತ್ತೆಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. "ಅಳಿಯ ಸಿನಿಮಾಕ್ಕೆ ಮುಂಚೆ ಎಂತದೋ ಮಾಡ್ತಾರೆ" ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಕೇಳಿದವರು ನಾನು ಗೇಟಿನಲ್ಲಿ ಟಿಕೆಟ್ ಹರಿಯುತ್ತೇನೆಂದು ತಿಳಿದಿದ್ದಾರೆ.

ಆಡಿಗೆ ಹುಷಾರಿಲ್ಲ

ನನ್ನ ಮೊದಲ ಸ್ಟುಡಿಯೊ ಖುರುಮ್‌ನಲ್ಲಿತ್ತು. ಒಮಾನಿ ಮಾಲೀಕರು ಒಳ್ಳೆಯವರು. ಆದರೆ ತಮ್ಮ ಮಾವನನ್ನು ಕೇಳದೆ ಒಂದು ಕುರ್ಚಿಯನ್ನೂ ಕೊಳ್ಳುವವರಲ್ಲ. ಮಾವ ಸಹಮ್‌ನಲ್ಲಿ ಆಡು ಸಾಕುವವರು. ನನ್ನ ಕಾರ್ಟೂನಿನ ಹೀರೊ ಆಡು ಎಂದು ತಿಳಿದ ಮೇಲೆ ಕೇಳಬೇಕೆ? ತಜ್ಞರೆಂದು ಮಾವನನ್ನೇ ಕರೆಸಲಾಯಿತು.

ಕಾರ್ಟೂನಿನಲ್ಲಿ ಆಡು ಗಾಂಧಾರಿ ಮೆಣಸು ತಿನ್ನುತ್ತದೆ. ಕಣ್ಣುಗಳು ಗೂಡಿನಿಂದ ಹೊರಗೆ ಜಿಗಿಯುತ್ತವೆ, ನಾಲಿಗೆ ನೆಲ ಗುಡಿಸುತ್ತದೆ, ಮುಖ ಕೆಂಪಾಗಿ ಆಮೇಲೆ ನೀಲಿಯಾಗುತ್ತದೆ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಹಿರಿಯರು ಗಡ್ಡ ನೀವಿಕೊಳ್ಳುತ್ತ, "ಇನ್ನೊಮ್ಮೆ ಹಾಕು" ಎಂದರು. ಇನ್ನೊಮ್ಮೆ ನೋಡಿ ಅರಬಿಯಲ್ಲಿ ಏನೋ ಹೇಳಿದರು.

"ಏನಂತೆ ಸಾರ್?" ಎಂದೆ.

ಮಾಲೀಕರ ಮುಖ ಬಾಡಿತ್ತು. "ಇದು ಸಂಜೆಯವರೆಗೆ ಬದುಕೋದಿಲ್ಲವಂತೆ. ಈಗಲೇ ಕೊಯ್ದುಬಿಡಿ, ಖಲಾಸ್ ಅಂತಾರೆ."

ಕನ್ನಡಿಯ ಮುಂದೆ

ಆಡು ಬದುಕಿತು, ಸ್ಟುಡಿಯೊ ಸತ್ತಿತು. ಬೇಗ ವೀಸಾ ಕೊಡುವ ಹೊಸ ಕಫೀಲ್ ಸಿಗದಿದ್ದರೆ ಸಂಸಾರ ಸಮೇತ ಮಂಗಳೂರಿನ ವಿಮಾನ ಹತ್ತಬೇಕು. ಬೇರೆ ಸ್ಟುಡಿಯೊಗಳಿಗೆ ಕಳಿಸಲು ಮನೆಯಲ್ಲೇ ಕೂತು ಚಿತ್ರ ಬಿಡಿಸತೊಡಗಿದೆ. ನಮ್ಮ ಕಸುಬಿನಲ್ಲಿ ಮೊದಲು ಕನ್ನಡಿಯಲ್ಲಿ ಮುಖ ಮಾಡಿಕೊಂಡು ಆಮೇಲೆ ಬರೆಯುವುದು. ಸೀನು ಬಂದೂ ಬಾರದ ಮುಖ, ಬಿಸಿ ಚಹಾ ನುಂಗಿದ ಮುಖ, ಹೀಗೆ. ಕಿಟಕಿ ತೆರೆದಿತ್ತೆಂಬುದು ತಲೆಯಲ್ಲಿರಲಿಲ್ಲ.

ಸಂಜೆ ಎದುರು ಫ್ಲ್ಯಾಟಿನ ಮಂಗಳೂರಿನ ಕ್ರಿಶ್ಚಿಯನ್ ಆಂಟಿ ತೀರ್ಥದ ಬಾಟಲಿ ಹಿಡಿದು ಬಂದರು. ಇಗರ್ಜಿಯಿಂದ ತಂದದ್ದು. "ನಿಮ್ಮವರು ಬೆಳಗ್ಗಿನಿಂದ ಕನ್ನಡಿಗೆ ಹಲ್ಲು ಕಿಸಿತಾ ಇದ್ದಾರೆ. ಕೆಲಸ ಹೋದದ್ದು ತಲೆಗೆ ಹೊಡೆದಿರಬೇಕು" ಎಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡರು.

"ಇಲ್ಲ ಆಂಟಿ, ಅವರು ಆಫೀಸಿನಲ್ಲೂ ಇದನ್ನೇ ಮಾಡ್ತಿದ್ದದ್ದು. ಇದಕ್ಕೇ ಸಂಬಳ."

ಆಂಟಿ ನಿಟ್ಟುಸಿರುಬಿಟ್ಟರು. "ಹಾಗಾದ್ರೆ ಕಂಪೆನಿ ಮುಚ್ಚಿದ್ದರಲ್ಲಿ ಆಶ್ಚರ್ಯ ಎಂತ ಉಂಟು!"

ಪೇಂಟರ್

ಕೊನೆಗೆ ಅಲ್ ಅಮೇರಾತ್‌ನಲ್ಲಿ ಹೊಸದಾಗಿ ತೆರೆಯುತ್ತಿದ್ದ ಸ್ಟುಡಿಯೊ ಒಂದು ಫೋನಿನಲ್ಲೇ ನನ್ನನ್ನು ಆರಿಸಿತು. ಮೊದಲ ದಿನ ಹೋದಾಗ ಹೊಸ ಮಾಲೀಕರು ನನ್ನ ರೆಸಿಡೆಂಟ್ ಕಾರ್ಡ್ ನೋಡಿದರು. ಅದರಲ್ಲಿ ನನ್ನ ಉದ್ಯೋಗ ಪೇಂಟರ್ ಎಂದಿತ್ತು. ಚಿತ್ರ ಬಿಡಿಸುವವನಿಗೆ ಅದೇ ಹತ್ತಿರದ್ದೆಂದು ಹಿಂದೆ ಯಾರೋ ಹಾಕಿಸಿದ್ದರು. "ಸರಿಯಾದ ಹೊತ್ತಿಗೆ ಬಂದೆ. ಯಲ್ಲಾ, ಶುರು ಮಾಡು!" ಎಂದು ಬಕೆಟ್ಟು, ರೋಲರು ಕೈಗಿತ್ತು ಹೊರಟುಹೋದರು.

ಇದೇನೋ ಪರೀಕ್ಷೆ, ಕಲಾವಿದನ ತಾಳ್ಮೆ ಅಳೆಯುತ್ತಿದ್ದಾರೆ ಎಂದುಕೊಂಡೆ. ಒಂದು ಹನಿ ನೆಲಕ್ಕೆ ಬೀಳದಂತೆ ಇಡೀ ಹಾಲ್ ಬಳಿದೆ. ಮಧ್ಯಾಹ್ನ ಬಂದ ಮಾಲೀಕರು ಗೋಡೆ ಸವರಿ ಖುಷಿಪಟ್ಟು ಗಡಿಯಾರ ನೋಡಿಕೊಂಡರು. "ಆ ಡೈರೆಕ್ಟರ್ ಇನ್ನೂ ಬರಲಿಲ್ಲವಲ್ಲ?"

"ನಾನೇ ಸಾರ್ ಡೈರೆಕ್ಟರ್."

ಅವರು ನನ್ನನ್ನೂ ನೋಡಿದರು, ಗೋಡೆಯನ್ನೂ ನೋಡಿದರು. "ಛೆ! ಇಷ್ಟು ಒಳ್ಳೆಯ ಪೇಂಟರ್ ಕೈತಪ್ಪಿದ."

ಥಿಯೇಟರಿನಲ್ಲಿ ಬೆಕ್ಕು

ಅಲ್ಲಿ ಮಾಡಿದ ಮೊದಲ ಕಾರ್ಟೂನು ಒಂದು ಕಳ್ಳ ಬೆಕ್ಕಿನ ಕಥೆ. ಅದು ತೆರೆಗೆ ಬಂದ ದಿನ ಹೆಂಡತಿ, ಮಗಳೊಂದಿಗೆ ಹೋಗಿ ಕೂತೆ. ಹಿಂದಿನ ಸಾಲಿನಲ್ಲಿ ಮಾಲೀಕರು. ಜನ ನಕ್ಕರೆ ಸ್ಟುಡಿಯೊ ಉಳಿಯುತ್ತದೆ, ಇಲ್ಲವಾದರೆ ಅದೂ ಖಲಾಸ್.

ಚಿತ್ರ ಶುರುವಾಯಿತು. ಧ್ವನಿಯೇ ಇಲ್ಲ! ಬೆಕ್ಕು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಮಾಲೀಕರು ನನ್ನ ಕುರ್ಚಿಯನ್ನು ಹಿಂದಿನಿಂದ ಒದೆಯತೊಡಗಿದರು. "ಪಪ್ಪಾ, ಡೂ ಸಮ್‌ಥಿಂಗ್!" ಎಂದಳು ಮಗಳು.

ಮಾನ ಹೋದರೂ ಕತ್ತಲೆಯಲ್ಲೇ ತಾನೆ ಹೋಗುವುದು? ಬಾಯಿಗೆ ಕೈ ಅಡ್ಡ ಹಿಡಿದು ಪರದೆಯ ಬೆಕ್ಕಿಗೆ ಸರಿಯಾಗಿ "ಮಿಯಾಂವ್" ಎಂದೆ. ಇನ್ನೊಂದು ಸಲ, ಇನ್ನೂ ಜೋರಾಗಿ. ಅಷ್ಟರಲ್ಲಿ ಬಾಗಿಲು ತೆರೆದು ಕಾವಲುಗಾರ ಟಾರ್ಚ್ ಹಿಡಿದು ಒಳಗೋಡಿ ಬಂದ. "ಬಿಲ್ಲಿ ಕಹಾಂ ಹೈ? ಬಿಲ್ಲಿ ಕಹಾಂ ಹೈ?" ಎನ್ನುತ್ತ ಬೆಕ್ಕು ಹುಡುಕಿಕೊಂಡು ಸೀಟುಗಳ ಕೆಳಗೆ ನುಸುಳತೊಡಗಿದ. ಒಬ್ಬರ ಪಾಪ್‌ಕಾರ್ನ್ ಅವನ ತಲೆಗೆ ಸುರಿಯಿತು. ನಾನು ನಿಲ್ಲಿಸುವ ಹಾಗಿಲ್ಲ, ಪರದೆಯಲ್ಲಿ ಬೆಕ್ಕು ಕೂಗುತ್ತಲೇ ಉಂಟು. ಅವನು ಬಲಕ್ಕೆ ಹೋದರೆ ಎಡದಿಂದ ಮಗಳೂ "ಮಿಯಾಂವ್" ಎಂದಳು. ಆಮೇಲೆ ಇಡೀ ಥಿಯೇಟರಿನ ಮಕ್ಕಳು ಶುರುಮಾಡಿದರು. ಆತ ನಾಲ್ಕು ಕಾಲಿನಲ್ಲಿ ಸಾಲಿನಿಂದ ಸಾಲಿಗೆ ಹರಿದಾಡುತ್ತಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ದೀಪ ಹತ್ತಿದಾಗ ಮಾಲೀಕರು ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿಕೊಂಡರು. "ಆ ಟಾರ್ಚಿನವನನ್ನು ಎಲ್ಲಿ ಹಿಡಿದೆ? ಎಂಥ ನಟ!"

"ತುಂಬಾ ರಿಹರ್ಸಲ್ ಮಾಡಿಸಿದ್ದೇನೆ ಸಾರ್" ಎಂದೆ.

"ಶಾಬಾಸ್! ಮುಂದಿನ ಕಾರ್ಟೂನಿನಲ್ಲಿ ಬೆಕ್ಕು ಬೇಡ, ಇವನನ್ನೇ ಹಾಕು."