ಮಾಮ ಮತ್ತು ಮೊದಲನೆಯ ಕುರ್ಚಿ

ನನ್ನ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನೂ ತಾವಾಗಿ ಶುರು ಮಾಡಿದವರಲ್ಲ. ಸೋಮಾರಿ ಎಂದುಕೊಂಡಿರಾ? ಛೆ! ಅವರು ಪಿಟೀಲು ವಾದಕರು. ಅದೂ ಮದರಾಸಿನಲ್ಲಿದ್ದುಕೊಂಡು, ಊರೆಲ್ಲ ನೆಲದ ಮೇಲೆ ಕೂತು ನುಡಿಸುವ ಪಿಟೀಲನ್ನು ಕುರ್ಚಿಯಲ್ಲಿ ಕೂತು, ಕಾಗದ ನೋಡಿ ನುಡಿಸುವವರು! ನಾಲ್ವರ ಪಾಶ್ಚಾತ್ಯ ಸಂಗೀತದ ತಂಡದಲ್ಲಿ ಮಾಮ ಎರಡನೆಯ ಪಿಟೀಲು. ಮೊದಲನೆಯ ಪಿಟೀಲಿನ ಗೆಳೆಯ ಉಸಿರೆಳೆದು ತಲೆಯಾಡಿಸಬೇಕು, ಆಗ ಉಳಿದವರು ಶುರು ಮಾಡಬೇಕು. ವರ್ಷಗಟ್ಟಲೆ ಹಾಗೆ ನುಡಿಸಿ ಆ ಚಾಳಿ ಮೈಗೇ ಹತ್ತಿಬಿಟ್ಟಿತ್ತು.

ಮದುವೆಮನೆಯಲ್ಲಿ ಎಲೆ ತುಂಬ ಬಡಿಸಿದ್ದರೂ ಪಕ್ಕದವರ ಮುಖ ನೋಡುತ್ತ ಕೂರುವರು. ಪಕ್ಕದವರೂ ಸಂಕೋಚದವರಾದರೆ ಮುಗಿಯಿತು, ಹುಳಿ ತಣ್ಣಗಾಗುತ್ತಿತ್ತು. ಹಿಂದೆ ಹೆಣ್ಣು ನೋಡಲು ಹೋದಾಗಲೂ ಅದೇ ಕಥೆಯಂತೆ. ಹುಡುಗಿ ಮಾತಾಡಲಿ ಎಂದು ಇವರು, ಇವರು ಮಾತಾಡಲಿ ಎಂದು ಹುಡುಗಿ! ಕಾಫಿ ಕುಡಿದು ಎದ್ದು ಬಂದರು.

"ನೀವೇ ಒಂದು ಮಾತು ಆಡಬಾರದಿತ್ತಾ ಮಾಮಾ?"

"ಮೊದಲು ಆಡೋದು ನನ್ನ ಪಾರ್ಟ್‌ನಲ್ಲಿ ಇಲ್ವಲ್ಲೇ!"

ಮದುವೆಯೇ ಆಗಲಿಲ್ಲ. ಹೊಟ್ಟೆಪಾಡಿಗೆ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದರು; ಸ್ಟುಡಿಯೋಗಳಿಗೆ ಕೀಬೋರ್ಡ್ ಬಂದು ಆ ಕೆಲಸವೂ ಹೋದ ಮೇಲೆ ಕ್ರೋಂಪೇಟೆಯ ಮನೆಯಲ್ಲಿ ಪಾಠ ಹೇಳತೊಡಗಿದರು. ಪಾಠವಾದರೂ ಎಂಥದು? ಕಮಾನು ಹಿಡಿಯುವ ಮೊದಲು ತಲೆಯಾಡಿಸುವುದು! ಒಬ್ಬ ತಾಯಿ ಗಾಬರಿಯಿಂದ ಓಡಿಬಂದರು. "ಸಾರ್, ಹುಡುಗಿ ಮನೇಲಿ ಸುಮ್ ಸುಮ್ನೆ ತಲೆ ಆಡಿಸ್ತಾಳೆ. ಡಾಕ್ಟರ್ ಹತ್ರ ತೋರಿಸ್ಲಾ?" ಮಕ್ಕಳು ಸಂಗೀತದ ಪರೀಕ್ಷೆ ಪಾಸಾದ ಮೇಲೆ ಈ ಕಡೆ ತಲೆ ಹಾಕುತ್ತಿರಲಿಲ್ಲ.

ಅಷ್ಟರಲ್ಲಿ ಮೊದಲನೆಯ ಪಿಟೀಲಿನ ಆ ಗೆಳೆಯ ತೀರಿಕೊಂಡರು. ಉಳಿದಿಬ್ಬರು ಮಾಮನ ಮನೆಯ ಭಾನುವಾರದ ಅಭ್ಯಾಸಕ್ಕೆ ಬರುವುದನ್ನು ಬಿಟ್ಟರು. ಮಾಮ ಮಾತ್ರ ಪ್ರತಿ ಭಾನುವಾರ ಸಂಜೆ ನಾಲ್ಕು ಕುರ್ಚಿ ಹಾಕಿ, ತಮ್ಮದರಲ್ಲಿ ಕೂತು, ತಂತಿಯ ಮೇಲೆ ಕಮಾನಿಟ್ಟು ಕಾಯುವರು. ತಲೆಯಾಡಿಸುವವರು ಬೇಕಲ್ಲ! ಒಮ್ಮೆ ಗ್ಯಾಸಿನವನು ಬಾಗಿಲಲ್ಲಿ ನಿಂತು, ಎಲ್ಲಿಡಲಿ ಎಂಬಂತೆ ತಲೆಯಾಡಿಸಿದ. ತಕೋ, ಮಾಮ ಶುರು ಮಾಡಿಯೇಬಿಟ್ಟರು! ಪಾಪ, ಅವನು ಮುಗಿಯುವವರೆಗೂ ಸಿಲಿಂಡರ್ ಹೊತ್ತು ನಿಂತಿದ್ದು, "ಇಪ್ಪೋ ಇರಕ್ಕಲಾಮಾ ಸಾರ್?" ಎಂದು ಇಳಿಸಲು ಅಪ್ಪಣೆ ಕೇಳಿ, ಕೆಳಗಿಟ್ಟ. ಈ ಕಥೆ ಹೇಳಿ ನಾವೆಲ್ಲ ಎಷ್ಟು ನಕ್ಕಿದ್ದೇವೆ!

ಒಂದು ಭಾನುವಾರ ಅಂಬತ್ತೂರಿನ ನಮ್ಮ ಮನೆಯಿಂದ ನಾನು ಹೋದಾಗ ಮುಸ್ಸಂಜೆಯಾಗಿತ್ತು. ದೀಪ ಹಾಕಿರಲಿಲ್ಲ. ಮಾಮ ಭುಜದ ಮೇಲೆ ಪಿಟೀಲು ಇಟ್ಟುಕೊಂಡು ಕೂತಿದ್ದರು.

"ಯಾಕೆ ಮಾಮಾ, ನುಡಿಸಲಿಲ್ವಾ?"

"ಇವತ್ತು ಯಾರೂ ಬರಲಿಲ್ಲ ಕಣೇ."

ನನಗೆ ನಗು ಬರಲಿಲ್ಲ. ದೀಪ ಹಾಕಿ, ಸಂಗೀತದ ಗಂಧವೇ ಇಲ್ಲದ ನಾನು ಆ ಗೆಳೆಯನ ಕುರ್ಚಿಯಲ್ಲಿ ಕೂತು, ಉಸಿರೆಳೆದು ತಲೆಯಾಡಿಸಿದೆ. ಮಾಮ ನುಡಿಸಿದರು. ನಡುನಡುವೆ ನಿಲ್ಲಿಸಿ, ನನ್ನ ಕುರ್ಚಿಯ ಕಡೆ ಕಿವಿಗೊಟ್ಟು ಮುಗುಳ್ನಗುವರು. ಅವರಿಗೆ ಅಲ್ಲಿ ಕೇಳಿಸುತ್ತಿದ್ದದ್ದು ನನಗೆ ಕೇಳಿಸಲಿಲ್ಲ.

ಮುಗಿದ ಮೇಲೆ ಕಮಾನು ಕೆಳಗಿಟ್ಟು ಹೇಳಿದರು: "ಸ್ವಲ್ಪ ಬೇಗ ಶುರು ಮಾಡಿದೆ ನೀನು. ಅವನೂ ಯಾವಾಗಲೂ ಹಾಗೇ."

ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಮಾಮ, ಯಾರೂ ತಲೆಯಾಡಿಸದೆಯೇ, ತಾವಾಗಿ ಕೇಳಿದರು:

"ಮುಂದಿನ ಭಾನುವಾರ ಬರ್ತೀಯೇನೇ?"