ನಲವತ್ನಾಲ್ಕಕ್ಕೆ ಫುಟ್‌ಬಾಲ್

ನಾನು ಯಾವುದಕ್ಕೆ ಹೆದರುತ್ತೇನೋ ಅದಕ್ಕೇ ನನ್ನ ಹೆಸರು ಕೊಟ್ಟು ಬರುವವರು ಯಾವ ಸ್ಕೂಲಿಗೆ ವರ್ಗವಾದರೂ ಸಿಗುತ್ತಾರೆ. ಬಿಳಿಗೆರೆ ಕಡೆಯ ಈ ಹೈಸ್ಕೂಲಿನಲ್ಲಿ ಅದು ಹೆಡ್ಮಾಸ್ಟರು. "ಹೋಬಳಿ ಶಿಕ್ಷಕಿಯರ ಫುಟ್‌ಬಾಲ್ ಟೀಮಿಗೆ ಒಬ್ಬರು ಕಮ್ಮಿ ಇದ್ರು ಮೇಡಂ, ನಿಮ್ಮನ್ನ ಸೇರಿಸಿದೀನಿ" ಎಂದರು. ನಾನು ಗಣಿತದ ಮೇಡಂ. ಅದುವರೆಗೆ ಬಾಲು ಮುಟ್ಟಿದ್ದು ಗೋಳದ ಘನಫಲ ಹೇಳಿಕೊಡುವಾಗ ಮಾತ್ರ.

ಅದೇ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು ಓದುವ ಮಗಳು, "ಅಮ್ಮ, ಎಲ್ಲರ ಮುಂದೆ ನೀನು ಬಿದ್ರೆ ನಾನು ಟಿ.ಸಿ. ತಗೋತೀನಿ" ಅಂದಳು. ಅವತ್ತಿಂದ ನನಗೆ ಊಟ ಸೇರಲಿಲ್ಲ.

ಮೊದಲ ಒದೆ

ಪಿ.ಟಿ. ಮೇಷ್ಟ್ರು ನನಗಿಂತ ಹದಿನೈದು ವರ್ಷ ಚಿಕ್ಕವರು. "ಬೆರಳ ತುದೀಲಿ ಬೇಡ ಮೇಡಂ, ಪಾದದ ಒಳಬದೀಲಿ ತಳ್ಳಿ" ಎಂದರು. ಹೇಗೋ ತಳ್ಳಿದೆ. ತಳ್ಳಿದವಳೇ, ಕಾಲು ತಗುಲಿತಲ್ಲ ಎಂದು ಬಗ್ಗಿ ಬಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಮೇಷ್ಟ್ರು ಬಾಯಿಂದ ವಿಸಿಲ್ ತೆಗೆದು ಹೇಳಿದರು: "ಮ್ಯಾಚಲ್ಲಿ ಹಿಂಗೆ ಮಾಡಿದ್ರೆ ಹ್ಯಾಂಡ್‌ಬಾಲ್ ಕೊಡ್ತಾರೆ ಕಣ್ರೀ."

ಅಟ್ಟಕ್ಕೆ ಹೋದ ಬಾಲು

ಸ್ಕೂಲಿನಲ್ಲಿ ಮಕ್ಕಳು ನಗುತ್ತಾರೆಂದು ಮನೆಯ ಅಂಗಳದಲ್ಲೇ ಅಭ್ಯಾಸ ಶುರುಮಾಡಿದೆ. ಅತ್ತೆ ಅಟ್ಟದಲ್ಲಿ ಕೊಬ್ಬರಿಗೆ ಒಣಗಲು ಹಾಕಿದ ಕಾಯಿಗಳನ್ನು ಒಂದೊಂದೇ ಅಲ್ಲಾಡಿಸಿ ನೋಡುತ್ತಿದ್ದರು. ಒಣಗಿದ ಕಾಯಿಯೊಳಗೆ ಚಿಪ್ಪು ಬಿಟ್ಟ ಕೊಬ್ಬರಿ ಗಿಟುಕು ಗುಡುಗುಡು ಅನ್ನುತ್ತದೆ. ನಾನು ಒದ್ದ ಬಾಲು ನೇರ ಅಟ್ಟದ ಕಿಟಕಿಯೊಳಕ್ಕೆ ಹೋಯಿತು. ಸೊಸೆ ಪ್ಯಾಂಟು ಹಾಕಿದ್ದೇ ಅವರಿಗೆ ಹಿಡಿಸಿರಲಿಲ್ಲ. ಇವತ್ತು ಬೈಗುಳ ಗ್ಯಾರಂಟಿ ಎಂದುಕೊಂಡೆ.

ಅತ್ತೆ ಕಿಟಕಿಯಲ್ಲಿ ಕಾಣಿಸಿಕೊಂಡರು. ಬಾಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಿನ್ನೂ ಒಣಗಿಲ್ಲ ಕಣಮ್ಮ. ಇನ್ನಾರು ತಿಂಗ್ಳು ಇಲ್ಲೇ ಇರ್ಲಿ ಬುಡು" ಎಂದರು.

ಕಾರ್ನರ್ ಕಿಕ್

ತಿಪಟೂರಿನಲ್ಲಿ ಮ್ಯಾಚು. ಎದುರಿಗೆ ತುರುವೇಕೆರೆಯ ಶಿಕ್ಷಕಿಯರು. ಗೆರೆಯ ಪಕ್ಕದಲ್ಲೇ ಮಗಳು, ಅವಳ ಇಡೀ ಕ್ಲಾಸು.

ಆಟ ಮುಗಿಯುವ ಹೊತ್ತಿಗೆ ನಮಗೊಂದು ಕಾರ್ನರ್ ಸಿಕ್ಕಿತು. ಎರಡೂ ಟೀಮಿನವರು ಗೋಲಿನ ಮುಂದೆ ಗುಂಪಾಗಿ ನಿಂತೆವು. ಬಾಲು ಎತ್ತರಕ್ಕೆ ಏರಿ ನಮ್ಮ ನೆತ್ತಿಯ ನೇರಕ್ಕೇ ಇಳಿಯತೊಡಗಿತು. "ತಲೆ ಕೊಡಿ ಮೇಡಂ, ತಲೆ" ಎಂದು ಮೇಷ್ಟ್ರು ಕೂಗಿದರು.

ನಾವೆಲ್ಲ ತೆಂಗಿನ ತೋಟದಲ್ಲೇ, ಕಾಯಿ ಕೆಡವುವವರ ಎಚ್ಚರಿಕೆಯ ಕೂಗು ಕೇಳುತ್ತ ಬೆಳೆದವರು. ನನ್ನ ಬಾಯಿಂದ ತಾನಾಗಿ ಬಂತು: "ಕಾಯಿ!"

ಅಷ್ಟೇ. ಎರಡೂ ಟೀಮು ನೆತ್ತಿ ಮುಚ್ಚಿಕೊಂಡು ದಿಕ್ಕಿಗೊಬ್ಬರಂತೆ ಓಡಿತು. ಅವರ ಗೋಲ್‌ಕೀಪರ್ ಕಂಬದ ಹಿಂದೆ ಅಡಗಿದರು. ಖಾಲಿ ಜಾಗದಲ್ಲಿ ಬಿದ್ದ ಬಾಲು ಎರಡು ಸಲ ಪುಟಿದು ನಿಧಾನವಾಗಿ ಗೋಲಿನೊಳಕ್ಕೆ ಉರುಳಿತು. ನಾನು ಬಿದ್ದಿರಲಿಲ್ಲ, ಮಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಆದರೆ ವಿಸಿಲ್ಲೇ ಕೇಳಿಸಲಿಲ್ಲ. ತಿರುಗಿ ನೋಡಿದರೆ, ಚಿಕ್ಕನಾಯಕನಹಳ್ಳಿ ಕಡೆಯ ರೆಫರಿ ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು ಮೈದಾನದ ಮಧ್ಯೆ ಕುಕ್ಕರಗಾಲಲ್ಲಿ ಕೂತಿದ್ದರು. ಕಣ್ಣು ಬಿಡದೆಯೇ ಕೇಳಿದರು:

"ಬಿತ್ತೇನ್ರೀ?"